ಯಾರು ಹೇಳಿದರು ಅವ್ವನಿಗೆ

ಆ ವರ್ಷ ನಾನು ಘಾಟ್ಕೋಪರಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದೆ. ಜನರ ಅಡಿಗೆಮನೆ, ಕಪಾಟು, ಮಂಚಗಳ ನಕ್ಷೆ ಬರೆಯುವ ಕೆಲಸ. ನಮ್ಮ ಮನೆ ಮುಲುಂಡಿನಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಹಳೆಯ ಬಿಲ್ಡಿಂಗೊಂದರ ಮೂರನೆಯ ಮಹಡಿಯಲ್ಲಿತ್ತು. ಅಪ್ಪ, ಅವ್ವ, ನಾನು. ಅಪ್ಪ ಒಂದು ಬಟ್ಟೆ ಕಂಪನಿಯಲ್ಲಿ ದುಡಿದು ಆಗಷ್ಟೆ ರಿಟೈರ್ ಆಗಿದ್ದರು. ಅವ್ವ ಧಾರವಾಡದ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ಇಷ್ಟು ವರ್ಷವಾದರೂ ಅವಳ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ನನ್ನ ಕನ್ನಡವೆಲ್ಲ ಅವಳಿಂದ ಬೈಸಿಕೊಂಡು ಬಂದದ್ದು. ಗೆಳತಿಯರ ಜೊತೆ ಹಿಂದಿ, ಆಫೀಸಿನಲ್ಲಿ ಹಿಂದಿ, ಇಂಗ್ಲಿಷ್. ಮನೆಯಲ್ಲಿ ಉತ್ತರ ಕೊಡುವುದಕ್ಕೆ ಮಾತ್ರ ಕನ್ನಡ.

ಅವ್ವನ ಕಣ್ಣಿಗೆ ನನ್ನಲ್ಲಿ ಸರಿಯಾದದ್ದು ಬೀಳುವುದು ಅಪರೂಪ. ಚಪಾತಿ ಲಟ್ಟಿಸಿದರೆ ಅಂಚು ದಪ್ಪ. ನಕ್ಕರೆ ಬಾಯಿ ದೊಡ್ಡದು. ಕೆಲಸ ಸಿಕ್ಕ ದಿನ ಪೇಢೆ ತಂದು ಕೈಗಿಟ್ಟರೆ ಮೂಸಿ ನೋಡಿ, "ನಿನಗ ಹಳೇದು ಕೊಟ್ಟು ಕಳಿಸ್ಯಾನ" ಎಂದಳು. ಬೆಳಗ್ಗೆ ನಾನು ತೊಡಬೇಕಾದ ಬಟ್ಟೆಯನ್ನು ಅವಳೇ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಇಟ್ಟಿರುತ್ತಿದ್ದಳು. ಬೇರೆ ಏನಾದರೂ ತೊಟ್ಟುಕೊಂಡು ಹೊರಟರೆ ಅವತ್ತಿನ ಡಬ್ಬಿಯ ಪಲ್ಯಕ್ಕೆ ಉಪ್ಪು ಇರುತ್ತಿರಲಿಲ್ಲ. ಮರೆತಳೋ, ಬೇಕೆಂದೇ ಬಿಟ್ಟಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಇದಕ್ಕೆಲ್ಲ ನಾನು ಒಗ್ಗಿಹೋಗಿದ್ದೆ. ಒಗ್ಗದೇ ಹೋದದ್ದು ಬೇರೆ. ಕೆಲಸಕ್ಕೆ ಸೇರಿದ ಕೆಲವು ತಿಂಗಳಲ್ಲಿ, ಅವ್ವನಿಗೆ ಗೊತ್ತಾಗಲು ಸಾಧ್ಯವೇ ಇಲ್ಲದ ಸಂಗತಿಗಳು ಗೊತ್ತಾಗತೊಡಗಿದವು.

ಮೊದಲನೆಯದು ಒಂದು ಕುರ್ತಾ. ಘಾಟ್ಕೋಪರಿನಲ್ಲಿ ಕೊಂಡಿದ್ದೆ, ಮನೆಗೆ ತಂದರೆ ಮಾತು ಕೇಳಬೇಕಾಗುತ್ತದೆಂದು ಆಫೀಸಿನ ಡ್ರಾವರಿನಲ್ಲೇ ಇಟ್ಟಿದ್ದೆ. ಒಂದು ಸಂಜೆ ಅವ್ವ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು, "ಹಸರ ಕುರ್ತಾ ಆಫೀಸಿನ್ಯಾಗ ಯಾಕ ಇಟ್ಟೀ? ಮನಿಗೆ ತಂದ್ರ ನಾ ಏನ ಹರದ ಒಗಿತಿದ್ನೇನು?"

"ಯಾರ ಹೇಳಿದ್ರು ನಿನಗ?"

"ಯಾರರ ಹೇಳ್ತಾರ. ಹಸರ ನಿನಗ ಒಪ್ಪೂದಿಲ್ಲ."

ಆಮೇಲೆ ಇಂಥ ಸಂಗತಿಗಳು ಇನ್ನೂ ಬಂದವು. ಆಫೀಸಿನಲ್ಲಿ ಕನ್ನಡಕ ಹಾಕಿಕೊಂಡ ಹುಡುಗನೊಬ್ಬ ನನ್ನ ಎದುರಿಗೆ ಕೂತು ಡಬ್ಬಿಯ ಊಟ ಮಾಡುತ್ತಾನೆ ಎಂಬುದು. ಮ್ಯಾನೇಜರು ನನ್ನ ಒಂದು ನಕ್ಷೆಯನ್ನು ವಾಪಸು ಕೊಟ್ಟದ್ದು. ಪ್ರತಿಯೊಂದನ್ನೂ ಅವ್ವ ಕೆಲಸ ಮಾಡುತ್ತಲೇ, ಅಕ್ಕಿ ಆರಿಸುತ್ತಲೋ ಕಾಯಿ ತುರಿಯುತ್ತಲೋ, ತನಗೆ ಅದರಲ್ಲಿ ಅಂಥ ಆಸಕ್ತಿಯೇನೂ ಇಲ್ಲವೆಂಬಂತೆ ಹೇಳುತ್ತಿದ್ದಳು.

ಫೋನಿನ ಮೇಲೆ ಮೊದಲು ಸಂಶಯ ಬಂತು. ಲೊಕೇಶನ್ ಬಂದ್ ಮಾಡಿದೆ, ಪಾಸ್‌ವರ್ಡ್ ಬದಲಿಸಿದೆ, ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಒಳಗೆ ತೆಗೆದುಕೊಂಡು ಹೋಗತೊಡಗಿದೆ. ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಮನುಷ್ಯರ ಮೇಲೆ ಸಂಶಯ ಶುರುವಾಯಿತು. ಗೇಟಿನ ವಾಚ್‌ಮನ್ ಸಲಾಮು ಹೊಡೆದು ನಕ್ಕರೆ ಯಾಕೆ ನಕ್ಕ ಅನಿಸುತ್ತಿತ್ತು. ಲೋಕಲಿನಲ್ಲಿ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತವಳು ಎರಡು ಸಲ ನನ್ನತ್ತ ನೋಡಿದರೆ, ಇವಳನ್ನು ನಮ್ಮ ಸಂಬಂಧಿಕರ ಯಾವುದಾದರೂ ಮದುವೆಯಲ್ಲಿ ಕಂಡಿದ್ದೆನೇ ಎಂದು ನೆನಪು ಕೆದಕುತ್ತಿದ್ದೆ.

ಕಡೆಗೆ ಸಂಶಯವೆಲ್ಲ ಒಬ್ಬಳ ಮೇಲೆ ಹೋಗಿ ನಿಂತಿತು. ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯ ಹುಡುಗಿ, ಮರಾಠಿಯವಳು. ಇಬ್ಬರೂ ಒಂದೇ ಟ್ರೇನ್ ಹಿಡಿಯುತ್ತಿದ್ದೆವು. ಯಾರು ಮೊದಲು ಹತ್ತಿದರೂ ಇನ್ನೊಬ್ಬಳಿಗೆ ಜಾಗ ಹಿಡಿದಿಡುತ್ತಿದ್ದೆವು. ಕುರ್ತಾದ ಫೋಟೋ ಅವಳಿಗೆ ತೋರಿಸಿದ್ದೆ. ಕನ್ನಡಕದ ಹುಡುಗನ ಬಗ್ಗೆಯೂ ಹೇಳಿದ್ದೆ. ಅವಳ ತಾಯಿ ಮತ್ತು ಅವ್ವ ಬೇಸಿಗೆಯಲ್ಲಿ ಟೆರೇಸಿನ ಮೇಲೆ ಜೊತೆಯಾಗಿ ಹಪ್ಪಳ ಒಣಗಿಸುವವರು. ಲೆಕ್ಕ ಸರಿಯಾಗಿ ಕೂಡಿಬಂತು ಅನಿಸಿತು.

ಒಂದು ಬೆಳಗ್ಗೆ ಭಾಂಡುಪ್ ದಾಟುವಾಗ ಹಿಂದಿಯಲ್ಲಿ ಕೇಳಿಯೇಬಿಟ್ಟೆ. "ನನ್ನ ವಿಷಯ ನೀನು ನಿನ್ನ ಮಮ್ಮಿಗೆ ಹೇಳ್ತೀಯಾ?"

ಅವಳು ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನನ್ನೇ ನೋಡಿದಳು. "ಯಾವ ವಿಷಯ?"

"ಎಲ್ಲಾ. ಮನೆಯಲ್ಲಿ ಎಲ್ಲಾ ಗೊತ್ತಾಗ್ತಿದೆ."

"ನನಗೆ ಬೇರೆ ಕೆಲಸ ಇಲ್ಲ ಅಂದ್ಕೊಂಡಿದ್ದೀಯಾ?" ಎಂದು ಎದ್ದು ಬಾಗಿಲ ಕಡೆ ಹೋದಳು. ವಿಖ್ರೋಳಿಯಲ್ಲಿ ಇಳಿಯುವಾಗ ತಿರುಗಿ ನೋಡಲಿಲ್ಲ. ಮರುದಿನದಿಂದ ಅವಳು ಬೇರೆ ಡಬ್ಬಿ ಹತ್ತಿದಳು. ಅವಳು ಸಿಟ್ಟಾದದ್ದೇ ಸಾಕ್ಷಿ ಎಂದು ಆಗ ನನಗೆ ಕಂಡಿತು.

ಇಡೀ ದಿನದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಅಪ್ಪನ ಜೊತೆ ಮಾತ್ರ. ರಿಟೈರ್ ಆದ ಮೇಲೆ ಅವರು ಮಧ್ಯಾಹ್ನ ನನ್ನ ಊಟದ ಹೊತ್ತಿಗೆ ಫೋನ್ ಮಾಡುತ್ತಿದ್ದರು. "ಊಟ ಆತೇನವಾ?" ಎಂದು ಶುರು. ನಾನು ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಅವ್ವನ ಎದುರು ಅಪ್ಪ ಮಾತಾಡುವುದೇ ಕಡಿಮೆ. ಫೋನಿನಲ್ಲಿ ಮಾತ್ರ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಒಳಗೆ ಇಷ್ಟೊಂದು ಅಕ್ಕರೆ ಇಟ್ಟುಕೊಂಡ ಮನುಷ್ಯ ಎಂದುಕೊಳ್ಳುತ್ತಿದ್ದೆ.

ಮಳೆಗಾಲದ ಒಂದು ದಿನ ಆಫೀಸಿನಲ್ಲಿ ಬೆಳಗ್ಗೆಯೇ ಕರೆಂಟು ಹೋಯಿತು. ನೀರು ನುಗ್ಗಿದೆ, ಸಂಜೆಯವರೆಗೆ ಬರುವುದಿಲ್ಲ ಎಂದು ಎಲ್ಲರನ್ನೂ ಮನೆಗೆ ಕಳಿಸಿದರು. ನಾನು ಯಾರಿಗೂ ಫೋನ್ ಮಾಡದೆ, ತಡವಾಗಿ ಬಂದ ಟ್ರೇನ್ ಹಿಡಿದು, ಊಟದ ಹೊತ್ತಿಗೆ ಮುಲುಂಡಿಗೆ ಬಂದೆ. ಮೂರನೆಯ ಮಹಡಿಯ ಮೆಟ್ಟಿಲು ಹತ್ತುವಾಗ ಫೋನು ಕಂಪಿಸಿತು. ಅಪ್ಪ. ಬಾಗಿಲಲ್ಲಿ ನಿಂತು ಚಕಿತಗೊಳಿಸೋಣ ಎಂದು ನಗುತ್ತ ಫೋನ್ ಎತ್ತಿದೆ.

ಗಾಳಿಗೆಂದು ಕಟ್ಟಿಗೆಯ ಬಾಗಿಲು ತೆರೆದಿತ್ತು. ಹೊರಗಿನ ಜಾಲರಿ ಬಾಗಿಲು ಮುಚ್ಚಿ ಪರದೆ ಎಳೆದಿತ್ತು.

"ಹಲೋ ಅಪ್ಪಾ" ಎಂದೆ. ಒಳಗಿನಿಂದ ನನ್ನದೇ ದನಿ ಬಂತು, "ಹಲೋ ಅಪ್ಪಾ."

"ಊಟ ಆತೇನವಾ?" ಅಪ್ಪನ ದನಿ ಎರಡು ಕಡೆಯಿಂದ ಕೇಳಿಸಿತು, ಕಿವಿಯಲ್ಲಿ ಮತ್ತು ಪರದೆಯ ಹಿಂದೆ.

"ಆತು."

ಪರದೆಯ ಹಿಂದೆ ಅವ್ವ ಪಿಸುಗುಟ್ಟಿದಳು, "ಯಾರ ಜೋಡಿ ಅಂತ ಕೇಳ್ರಿ."

"ಯಾರ ಜೋಡಿ ಉಂಡಿ?" ಎಂದರು ಅಪ್ಪ.

ನಾನು ಒಂದು ಮೆಟ್ಟಿಲು ಕೆಳಗಿಳಿದು ನಿಂತೆ. ಬಾಯಿ ತಾನಾಗಿ ಹೇಳಿತು, "ಒಬ್ಬಾಕಿನಽ."

"ಸುಳ್ಳು" ಎಂದಳು ಅವ್ವ ಮೆಲ್ಲಗೆ. "ಆ ಚಾಳೀಸಿನವ ಬಂದಿದ್ನೇನು ಕೇಳ್ರಿ."

ಕನ್ನಡಕದ ಹುಡುಗನ ಬಗ್ಗೆ ಅಪ್ಪ ಕೇಳಲಿಕ್ಕಿಲ್ಲ ಎಂದು ನಾನು ಬಾಗಿಲನ್ನೇ ನೋಡುತ್ತ ಕಾದೆ. ಅವರು ಕೇಳಿದರು. ನಾನು ಕೆಲಸವಿದೆ ಎಂದು ಹೇಳಿ ಫೋನ್ ಇಟ್ಟು, ಸದ್ದಾಗದಂತೆ ಕೆಳಗಿಳಿದೆ. ಮೊದಲ ಮಹಡಿಯಲ್ಲಿ ಆ ಹುಡುಗಿಯ ಬಾಗಿಲ ಮುಂದೆ ಅರೆಕ್ಷಣ ನಿಂತೆ. ಬೆಲ್ ಒತ್ತುವ ಧೈರ್ಯವಾಗಲಿಲ್ಲ. ಸಂಜೆಯವರೆಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ದಿನಾ ಹೋಗುವ ಹೊತ್ತಿಗೇ ಮನೆಗೆ ಹೋದೆ. ಅವ್ವ ಬಾಗಿಲು ತೆರೆದು ನನ್ನ ಒದ್ದೆ ಚಪ್ಪಲಿ ನೋಡಿದಳು. ಅವಳಿಗೆ ಇದೂ ಗೊತ್ತಿದೆಯೇ ಎಂದು ಹೆದರಿದೆ.

ಅಪ್ಪ ಭಾನುವಾರ ಮಾಟುಂಗಕ್ಕೆ ದೇವಸ್ಥಾನಕ್ಕೆ ಹೋಗುವವರು. ಆ ವಾರ ನಾನೂ ಜೊತೆಗೆ ಹೋದೆ. ದರ್ಶನ ಮುಗಿಸಿ ಅಲ್ಲಿಯ ಉಡುಪಿ ಹೋಟೆಲಿನಲ್ಲಿ ಕಾಫಿಗೆ ಕೂತಾಗ ಕೇಳಿದೆ.

"ಫೋನ್ ಸ್ಪೀಕರ್ ಮ್ಯಾಲೆ ಹಾಕಿ ಮಾತಾಡ್ತೀರಿ ಅಲ್ಲಾ?"

ಅವರು ಕಾಫಿಯನ್ನು ಬಟ್ಟಲಿಗೆ ಸುರಿದು, ಲೋಟಕ್ಕೆ ಸುರಿದು, ಮತ್ತೆ ಬಟ್ಟಲಿಗೆ ಸುರಿದರು. ಯಾರು ಹೇಳಿದರು ಎಂದು ಕೇಳಲಿಲ್ಲ.

"ಮೊದಲ ನಾನಽ ಫೋನ್ ಮಾಡ್ತಿದ್ದೆ. ನನಗ ಹೊತ್ತು ಹೋಗ್ತಿರಲಿಲ್ಲ" ಎಂದರು. "ಆಮ್ಯಾಲೆ ಆಕಿ ಬಂದು ಮಗ್ಗಲಕ ಕೂಡಾಕ ಹತ್ತಿದಳು."

"ಬ್ಯಾಡ ಅನಬೇಕಿತ್ತಲ್ಲ."

"ನೋಡವಾ, ಆಕಿ ನಿನ್ನ ನೇರ ಕೇಳಿದ್ರ ನೀ ಸಿಟ್ಟಾಗ್ತೀ. ಇಬ್ಬರೂ ಉಣ್ಣಂಗಿಲ್ಲ. ನನ್ನ ಬಾಯಿಲೆ ಕೇಳಿದ್ರ ಮನಿ ತಣ್ಣಗಿರತೈತಿ."

"ನಾ ನಿಮಗ ಹೇಳಿದ್ದೆ. ಆಕಿಗಲ್ಲ."

ಅವರು ತಲೆಯಾಡಿಸಿದರು. ಒಪ್ಪಿದರೋ, ಮಾತು ಮುಗಿಸಲಿಕ್ಕೋ, ತಿಳಿಯಲಿಲ್ಲ. ಅಕ್ಕರೆ ಎಂದುಕೊಂಡ ಪ್ರಶ್ನೆಗಳಲ್ಲಿ ಯಾವುದು ಅಪ್ಪನದು, ಯಾವುದು ಅವ್ವನದು ಎಂದು ವಾಪಸು ಬರುವ ಟ್ರೇನಿನಲ್ಲಿ ಬೇರ್ಪಡಿಸಲು ನೋಡಿದೆ. "ಕೊಡೆ ಒಯ್ದೀಯೇನು" ಎಂದದ್ದು ಯಾರ ಪ್ರಶ್ನೆ?

ಆಮೇಲೆ ನಾನು ಬಹಳ ದಿನ ತಡೆಯಲಿಲ್ಲ. ಆಫೀಸಿನ ಇಬ್ಬರು ಹುಡುಗಿಯರು ಘಾಟ್ಕೋಪರಿನಲ್ಲಿ ಬಾಡಿಗೆಗಿದ್ದರು, ಮೂರನೆಯವಳನ್ನು ಹುಡುಕುತ್ತಿದ್ದರು. ಅವರ ಜೊತೆ ಇರಲು ಹೋಗುತ್ತೇನೆಂದು ಈ ಸಲ ಅವ್ವನಿಗೆ ನಾನೇ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಯಾಂವ ಅದಾನ ಅಲ್ಲೆ?"

"ಯಾವನೂ ಇಲ್ಲ. ಇಬ್ಬರು ಹುಡುಗ್ಯಾರು."

"ಇದ್ದ ಮನಿ ಬಿಟ್ಟು ಹುಡುಗ್ಯಾರ ಸಲುವಾಗಿ ಯಾರೂ ಹೋಗಂಗಿಲ್ಲ."

"ನಿನ್ನ ಸಲುವಾಗಿ ಹೊಂಟೇನಿ" ಎಂದೆ. ದನಿ ಏರಲಿಲ್ಲ. ಅದು ನನಗೇ ಆಶ್ಚರ್ಯ. ಅವ್ವ ಬಿಡಿಸಿದ ಸೊಪ್ಪನ್ನೂ ದಂಟನ್ನೂ ಒಟ್ಟಿಗೆ ಬುಟ್ಟಿಗೆ ತುಂಬಿ ಒಳಗೆ ಹೋದಳು.

ನಾನು ಮನೆ ಬಿಟ್ಟು ತಿಂಗಳಾಗುವುದರೊಳಗೆ ಒಂದು ಶನಿವಾರ, ಅವ್ವ ಹೇಳದೆ ಕೇಳದೆ ಬಂದಳು. ಬಾಗಿಲ ಹೊರಗೇ ನಿಂತು ಚಪ್ಪಲಿಗಳನ್ನು ನೋಡಿದಳು, ಗಂಡಸಿನದು ಇದೆಯೇ ಎಂದು. ಒಳಗೆ ಬಂದು ಶೇಂಗಾ ಚಟ್ನಿಯ ಡಬ್ಬಿ ಇಟ್ಟಳು. ಬಾತ್‌ರೂಮಿಗೆ ಇಣುಕಿ, ಗ್ಯಾಸಿನ ಕಟ್ಟೆಯ ಮೇಲೆ ಬೆರಳಾಡಿಸಿ ಜಿಡ್ಡು ನೋಡಿ, ಕಡೆಗೆ ನನ್ನ ಕಪಾಟಿನ ಹಿಡಿಕೆಗೆ ಕೈ ಹಾಕಿದಳು.

"ಅದನ್ನ ತೆಗಿಬ್ಯಾಡ" ಎಂದೆ.

"ನಾ ಏನ ಕದಿಯಾಕ ಬಂದೇನೇನು?"

"ಇಲ್ಲ. ಆದ್ರೂ ತೆಗಿಬ್ಯಾಡ."

ಕೈ ಸ್ವಲ್ಪ ಹೊತ್ತು ಹಿಡಿಕೆಯ ಮೇಲೆಯೇ ಇತ್ತು. ಆಮೇಲೆ ಹಿಂದಕ್ಕೆಳೆದುಕೊಂಡಳು. ಮಂಚದ ತುದಿಯಲ್ಲಿ ಕೂತು ನಾನು ಕೊಟ್ಟ ಚಹಾ ಕುಡಿದು, ಸಕ್ಕರೆ ಜಾಸ್ತಿ ಎಂದಳು. ಕಪ್ಪು ಕೆಳಗಿಡುತ್ತ, ತಾನು ಹೊಸದಾಗಿ ಮುಂಬೈಯ ಚಾಳಿನ ಒಂದೇ ಕೋಣೆಯ ಮನೆಗೆ ಬಂದಾಗ ಅತ್ತೆ ದಿನಾ ತನ್ನ ಟ್ರಂಕು ತೆಗೆದು ಸೀರೆಗಳನ್ನು ಝಾಡಿಸಿ ನೋಡುತ್ತಿದ್ದಳು ಎಂದು ಹೇಳಿದಳು. "ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ಲ" ಎಂದಳು.

ಅಜ್ಜಿಯನ್ನು ನಾನು ಕಂಡಿಲ್ಲ. ಅವ್ವ ಈ ಮಾತು ಹಿಂದೆಂದೂ ಆಡಿರಲಿಲ್ಲ. ಅದು ನಿಜವೋ, ಅಥವಾ ನನ್ನ ಮನಸ್ಸು ಕರಗಿಸಿ ವಾಪಸು ಕರೆದುಕೊಂಡು ಹೋಗಲಿಕ್ಕೆ ಹೇಳಿದ್ದೋ ಎಂದು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಅಜ್ಜಿಯ ಬಗ್ಗೆ ಅಪ್ಪನನ್ನು ವಿಚಾರಿಸಬಹುದಿತ್ತು, ವಿಚಾರಿಸಲಿಲ್ಲ. ಅವತ್ತು ಸ್ಟೇಷನ್ನಿನವರೆಗೆ ಹೋಗಿ ಅವಳನ್ನು ಟ್ರೇನ್ ಹತ್ತಿಸಿ ಬಂದೆ. ವಾಪಸು ಬಾ ಎಂದು ಅವಳು ಕರೆಯಲಿಲ್ಲ.

ಈಗ ಅವ್ವ ತಾನೇ ಫೋನ್ ಮಾಡುತ್ತಾಳೆ. "ಏನ ಅಡಿಗಿ ಮಾಡೀದಿ?" ಎನ್ನುತ್ತಾಳೆ. ಮೊಸರನ್ನ ಎಂದರೆ, ಬರೇ ಮೊಸರನ್ನವೇನು, ಮೈಯಾಗ ರಕ್ತ ಹ್ಯಾಂಗ ಆಗಬೇಕು ಎಂದು ಶುರು ಮಾಡುತ್ತಾಳೆ. ಹೇಳಬೇಕೆನಿಸಿದ್ದನ್ನು ಹೇಳುತ್ತೇನೆ, ಉಳಿದದ್ದಕ್ಕೆ "ಅದು ಬಿಡು" ಎನ್ನುತ್ತೇನೆ. ಬಿಡುತ್ತಾಳೆ. ಯಾರ ಜೊತೆ ಉಂಡೆ ಎಂದು ಇದುವರೆಗೆ ಕೇಳಿಲ್ಲ. ಪ್ರತಿ ಸಲವೂ ಕೇಳುತ್ತಾಳೆ ಎಂದು ನಾನು ಕಾಯುತ್ತೇನೆ.