ಮೂರನೇ ಪೀಸಿನ ನಿಯಮ

ಬಟ್ಟೆ ಕಾರ್ಖಾನೆಯಲ್ಲಿ ನನ್ನ ಅತ್ತಿಗೆಗೆ ಬ್ರೇಕ್ ಅಕ್ಕ ಎಂದೇ ಹೆಸರು. ಹೊಲಿದು ಬಂದ ಅಂಗಿಗಳನ್ನು, ಅಲ್ಲಿನವರ ಮಾತಲ್ಲಿ ಪೀಸುಗಳನ್ನು, ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡುವುದು ಅವಳ ಕೆಲಸ. ಒಂದೇ ಜಾಗದಲ್ಲಿ ಹೊಲಿಗೆ ಬಿಟ್ಟ ಅಂಗಿ ಸಾಲಾಗಿ ಮೂರು ಬಂದರೆ ಮಷೀನ್ ನಿಲ್ಲಿಸಬೇಕು. ಹೊಲಿದವಳನ್ನು ಬೈಯುವ ಮೊದಲು ಮಷೀನ್ ಬಿಚ್ಚಿಸಿ ನೋಡಬೇಕು, ಅದು ಅಲ್ಲಿನ ನಿಯಮ. ಸೂಪರ್‌ವೈಸರ್ ಎಷ್ಟೇ ಎಗರಾಡಿದರೂ ಅವಳು ಜಗ್ಗಿದವಳಲ್ಲ.

ಅಂಥವಳಿಗೆ ಎರಡು ವರ್ಷದಲ್ಲಿ ಮೂರು ಬಸಿರು ಹೋದವು, ಮೂರೂ ಮೂರು ತಿಂಗಳು ತುಂಬುವ ಮೊದಲೇ. ನನ್ನಮ್ಮನ ಬಳಿ ಮೂರಕ್ಕೂ ಕಾರಣ ಸಿದ್ಧವಿತ್ತು. ಮೊದಲನೆಯದಕ್ಕೆ ನೀರಿನ ಬಕೆಟ್ ಎತ್ತಿದ್ದು. ಎರಡನೆಯದಕ್ಕೆ ಬಸ್ಸಿನ ಕುಲುಕಾಟ. ಮೂರನೆಯ ಸಲ ಅತ್ತಿಗೆ ಇನ್ನೂ ಹಾಸಿಗೆಯಿಂದ ಎದ್ದೇ ಇರಲಿಲ್ಲ, "ಇವ್ಳ ಸಿಟ್ಟೇ ಕಾರಣ. ಸದಾ ಕುದೀತಿದ್ರೆ ಮಗು ಹೇಗೆ ಉಳಿಯುತ್ತೆ?" ಅಂದಳು ಅಮ್ಮ. ಗಾಯದ ಮೇಲೆ ಬರೆ! ನಾನು ಅಲ್ಲೇ ತಟ್ಟೆ ತೊಳೆಯುತ್ತಿದ್ದೆ, ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಡಾಕ್ಟರಂತೂ ಮೂರು ಸಲವೂ ತಲೆ ಎತ್ತದೆ, "ಆಗುತ್ತಮ್ಮ, ಮತ್ತೆ ಪ್ರಯತ್ನ ಮಾಡಿ" ಎಂದು ಸಾಗಹಾಕಿದ್ದ.

ಕೆಲಸಕ್ಕೆ ಮರಳಿದ ವಾರವೇ ಕಾಲರಿನ ಹೊಲಿಗೆ ಬಿಟ್ಟ ಮೂರನೇ ಅಂಗಿ ಅತ್ತಿಗೆಯ ಕೈಗೆ ಬಂತು. "ನಿಲ್ಸೇ!" ಎಂದು ಕೂಗಿದವಳು ಅಂಗಿ ಹಿಡಿದು ಹಾಗೇ ನಿಂತುಬಿಟ್ಟಳಂತೆ. ಸಂಜೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಮೂರು ಅಂಗಿ ಕೆಟ್ರೆ ಮಷೀನ್ ಬಿಚ್ಚಿಸ್ತೀನಿ ಕಣೇ. ನನ್ನ ಮೂರು ಮಕ್ಳು ಹೋದ್ವು, ಯಾಕೆ ಅಂತ ಒಬ್ರಾದ್ರೂ ನೋಡಿದ್ರಾ? ನಾನೇ ಕೇಳ್ಲಿಲ್ವಲ್ಲೇ!"

ಮಾರನೇ ದಿನವೇ ಬೇರೆ ಡಾಕ್ಟರ ಬಳಿ ಹೋದೆವು. ಈಕೆ ರಕ್ತಪರೀಕ್ಷೆ ಮಾಡಿಸಿದರು, ಹನ್ನೆರಡು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿದರು. ಎರಡು ಸಲವೂ ಅದೇ ಉತ್ತರ. ರೋಗದಿಂದ ಕಾಯಬೇಕಾದ ಪ್ರತಿಕಾಯಗಳೇ ತಿರುಗಿಬಿದ್ದು, ಬಸಿರಾದಾಗ ರಕ್ತ ಹೆಪ್ಪುಗಟ್ಟಿಸಿ ಮಗುವಿನ ಪೋಷಣೆಯ ದಾರಿಗೆ ಅಡ್ಡಿಯಾಗುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ.

"ಬಕೆಟ್ಟೂ ಅಲ್ಲ, ಬಸ್ಸೂ ಅಲ್ಲ, ನಿಮ್ಮ ಸಿಟ್ಟೂ ಅಲ್ಲ," ಅಂದರು ಡಾಕ್ಟರ್. "ಮತ್ತೆ ಬಸಿರಾದ್ರೆ ದಿನಾ ಒಂದು ಸಣ್ಣ ಮಾತ್ರೆ, ಹೊಟ್ಟೆಯ ಚರ್ಮಕ್ಕೆ ಒಂದು ಇಂಜೆಕ್ಷನ್. ರಕ್ತ ಹೆಪ್ಪುಗಟ್ಟದ ಹಾಗೆ. ತುಂಬಾ ಜನಕ್ಕೆ ಮಗು ಉಳಿದಿದೆ. ಗ್ಯಾರಂಟಿ ಮಾತ್ರ ಕೊಡೋಕಾಗಲ್ಲ. ಯೋಚ್ನೆ ಮಾಡಿ ಹೇಳಿ."

ಮನೆಯಲ್ಲಿ ಅಮ್ಮ ಹೌಹಾರಿದಳು. "ಬಸುರಿ ಹೊಟ್ಟೆಗೆ ಸೂಜಿನಾ? ಮಗುಗೆ ತಾಗಿದ್ರೆ?" ಅಣ್ಣನದು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ. "ನೀನು ಹೇಗೆ ಹೇಳ್ತೀಯೋ ಹಾಗೆ," ಎಂದು ಮೊಬೈಲ್ ಎತ್ತಿಕೊಂಡ. ಅತ್ತಿಗೆ ಯೋಚಿಸಲು ಒಂದು ತಿಂಗಳು ತೆಗೆದುಕೊಂಡಳು. ನಾಲ್ಕನೆಯದೂ ಹೋದರೆ ತಡೆದುಕೊಳ್ಳಲಾರೆ ಎಂದು ನನ್ನೊಬ್ಬಳ ಹತ್ತಿರ ಅತ್ತಳು.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವಳೇ ಮಾತು ತೆಗೆದಳು.

"ಅತ್ತೆ, ಮತ್ತೆ ಬಸಿರಾದ್ರೆ ನಾನು ಇಂಜೆಕ್ಷನ್ ತಗೋತೀನಿ. ಮಗು ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಹೋದ್ರೆ, ನನ್ನಿಂದ ಹೋಯ್ತು ಅಂತ ಈ ಮನೇಲಿ ಯಾರೂ ಅನ್ನಬಾರ್ದು." ಆಮೇಲೆ ಅಣ್ಣನ ಕಡೆ ತಿರುಗಿದಳು. "ನಾನು ಹೇಳಿದ ಹಾಗೆ ಅಂದ್ರಲ್ಲ? ಹೇಳ್ತಿದ್ದೀನಿ. ದಿನಾ ಸೂಜಿ ಹಾಕೋದು ನೀವು. ನಾಳೆ ನರ್ಸ್ ಹತ್ರ ಹೋಗಿ ಕಲ್ತು ಬನ್ನಿ."

ಸೂಜಿ ಕಂಡರೆ ಮಾರು ದೂರ ಓಡುವ ಅಣ್ಣನ ಮುಖ ಬಿಳಿಚಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಎಷ್ಟೊತ್ತಿಗೆ ಹೋಗ್ಲಿ?" ಅಂದ.

ಅಮ್ಮ ಬಾಯಿ ತೆರೆದಳು. "ಆದ್ರೂ ಇವ್ಳ ಸಿಟ್ಟು..."

"ಅಮ್ಮ, ನಿಲ್ಸು!" ಅಂದೆ ನಾನು.