ನನ್ನ ಮೂಗಿಗೆ ಬಾರದ ವಾಸನೆ

ನಿನ್ನೆ ಸಂಜೆ ಮರಳೂರಿನ ನಮ್ಮ ಬೀದಿಯ ಕೊನೆಯಲ್ಲಿ, ಲಕ್ಕಮ್ಮನ ಕೊಟ್ಟಿಗೆಯಿಂದ ಹಸಿ ಹುಲ್ಲು, ಸಗಣಿ, ಹಿಂಡಿ ಎಲ್ಲ ಕಲೆತ ವಾಸನೆ ಬಂತು. ನಿವೃತ್ತನಾಗಿದ್ದರೂ ಈ ವಾಸನೆಗೆ ನನ್ನ ಕಾಲು ತಾನಾಗಿಯೇ ನಿಲ್ಲುತ್ತದೆ. ಒಳಗೆ, ಈಚೆಗೆ ಕರು ಹಾಕಿದ ಹಸು ಬೂಸಾ ಮುಟ್ಟದೆ ತಲೆ ತಗ್ಗಿಸಿ ನಿಂತಿತ್ತು.

“ಹಾಲೂ ಇಳಿದೋಗೈತೆ ಸಾರ್. ನಂಗಿರೋದು ಇವಳೊಬ್ಬಳೇ. ಒಸಿ ನೋಡಿ” ಎಂದಳು ಲಕ್ಕಮ್ಮ.

ನಾನು ಹಳೇ ಚಾಳಿಯಂತೆ ಜೊತೆಗೆ ವಾಕಿಂಗ್ ಬಂದಿದ್ದ ಹೆಂಡತಿಯ ಕಡೆ ತಿರುಗಿ, “ಸುನಂದಾ, ಮೂಸಿ ನೋಡು” ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಹೋದ ವರ್ಷ ಬಂದ ಜ್ವರ ಅವಳ ಮೂಗಿನ ಶಕ್ತಿಯನ್ನೆಲ್ಲ ಕಿತ್ತುಕೊಂಡು ಹೋಗಿದೆ.

ಹೆಂಡತಿಯ ಕೈಯಲ್ಲಿ ಹಸುವಿನ ಬಾಯಿ ಮೂಸಿಸುವ ಇವನೆಂಥ ಗಂಡ ಎಂದು ಹುಬ್ಬೇರಿಸಬೇಡಿ. ನಾನು ಪಶುವೈದ್ಯ ಸಂಶೋಧಕ. ಹಸು ತಿಂದದ್ದು ಅದರ ಮೈಯಲ್ಲಿ ಏನಾಗುತ್ತದೆ ಎಂಬುದರ ಹಿಂದೆ ಬಿದ್ದೇ ತಲೆಗೂದಲು ಉದುರಿಸಿಕೊಂಡವನು. ಕರು ಹಾಕಿದ ಹೊಸದರಲ್ಲಿ ಹಾಲು ಧಾರಾಳ, ಮೇವು ಸಾಲದು. ಆಗ ಹಸು ತನ್ನ ಮೈಯ ಕೊಬ್ಬನ್ನೇ ಕರಗಿಸತೊಡಗುತ್ತದೆ. ಅದು ಮಿತಿ ಮೀರಿದರೆ ಉಸಿರಿನಲ್ಲಿ ಒಂದು ಬಗೆಯ ಸಿಹಿ ನಾತ ಬರುತ್ತದೆ. ಅದರ ಮೇಲೆ ನಾನು ಪ್ರಬಂಧಗಳನ್ನು ಬರೆದಿದ್ದೇನೆ, ಭಾಷಣ ಬಿಗಿದಿದ್ದೇನೆ. ಆದರೆ ಆ ವಾಸನೆ ನನ್ನ ಮೂಗಿಗೆ ಈವರೆಗೆ ಬಡಿದಿಲ್ಲ. ಕೆಲವರಿಗೆ ಅದು ಹುಟ್ಟಿನಿಂದಲೇ ತಿಳಿಯುವುದಿಲ್ಲವಂತೆ. ಆ ಕೆಲವರಲ್ಲಿ ಒಬ್ಬ ಇದೇ ವಿಷಯವನ್ನು ಆರಿಸಿಕೊಳ್ಳಬೇಕೆ!

ಇದು ಬಯಲಾದದ್ದು ಮದುವೆಯಾದ ಹೊಸತರಲ್ಲಿ. ಗುಬ್ಬಿಯ ಕಡೆಯ ಒಂದು ಹಳ್ಳಿಯ ಹಸು ನೋಡಿಕೊಂಡು, ಹಾಗೆಯೇ ಕುಣಿಗಲ್ಲಿನ ಮಾವನ ಮನೆಗೆ ಹೋಗುವ ಯೋಜನೆ ನನ್ನದು. ರೇಷ್ಮೆ ಸೀರೆ ಉಟ್ಟ ಹೊಸ ಹೆಂಡತಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಹಸುವಿನ ಮೂತಿಗೆ ಮೂಗಿಟ್ಟು, “ಏನೂ ತೊಂದರೆಯಿಲ್ಲ” ಎಂದು ಗಂಭೀರವಾಗಿ ಸಾರಿದೆ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು, “ರೀ, ಇದರ ಬಾಯಲ್ಲಿ ಕೊಳೆತ ಅನಾನಸ್ ವಾಸ್ನೆ ಬರ್ತಿದೆ ಕಣ್ರೀ” ಎಂದಳು. ನಕ್ಕೆ. ಸುಮ್ಮನೆ ಇರಲೆಂದು ಹಸುವಿನ ಮೂತ್ರ ಪರೀಕ್ಷಿಸಿದರೆ ನಳಿಕೆಯಲ್ಲಿ ರೋಗದ ಗುರುತಾದ ನೇರಳೆ ಬಣ್ಣ ಮೂಡಿ ನನ್ನ ಮಾನ ಹರಾಜಾಯಿತು.

ಅಲ್ಲಿಂದ ಮುಂದೆ ಅವಳೇ ನನ್ನ ಮೂಗು. ರಜೆ ಬಂದರೆ ಸ್ಕೂಟರಿನ ಹಿಂದೆ ಕೂತು ಹೊರಡುವಳು. ಮಾವನವರು ಮಾತ್ರ, “ಡಾಕ್ಟ್ರು ಅಂತ ಕೊಟ್ರೆ, ನಮ್ಮ ಹುಡುಗಿ ಕೈಲಿ ದನದ ಬಾಯಿ ಮೂಸಿಸ್ತವ್ನಲ್ಲ” ಎಂದು ಬಂಧುಗಳ ಎದುರಿಗೆಲ್ಲ ಗೊಣಗುತ್ತಿದ್ದರು.

ಅಂಥವಳು ಈಗ ಒಂದು ವರ್ಷದಿಂದ ಒಗ್ಗರಣೆಯ ಮುಂದೆ ಗೋಡೆ ನೋಡುವಂತೆ ನಿಲ್ಲುತ್ತಾಳೆ. ಕಾಫಿಯನ್ನು ಬಿಸಿನೀರು ಎಂದು ಕುಡಿಯುತ್ತಾಳೆ. ಮಾತೂ ಕಡಿಮೆಯಾಗಿದೆ. ನನಗೆ ಅವಳ ಮೂಗಿಗಿಂತ ಆ ಮೌನದ್ದೇ ಭಯ.

ನಿನ್ನೆ ಅವಳು ಹಸುವಿನ ಮೂತಿಯ ಬಳಿ ಬಗ್ಗಿದಳು. ಎದ್ದು, ಏನೂ ತಿಳಿಯುತ್ತಿಲ್ಲವೆಂದು ತಲೆಯಾಡಿಸಿದಳು. ಇಬ್ಬರು ಮೂಗಿಲ್ಲದವರು, ನಡುವೆ ಒಂದು ಹಸು. ಲಕ್ಕಮ್ಮ ಕೈ ಹಿಸುಕಿಕೊಳ್ಳುತ್ತ ನಮ್ಮಿಬ್ಬರ ಮುಖ ನೋಡುತ್ತಿದ್ದಳು. ಆಗ ಸುನಂದ ಇದ್ದಕ್ಕಿದ್ದಂತೆ ಅವಳ ತೋಳು ಹಿಡಿದು ಮುಂದೆ ತಂದಳು.

“ನೀವೇ ಮೂಸಿ ಲಕ್ಕಮ್ಮ. ಅವಳು ಉಸಿರು ಬಿಡೋವರ್ಗೂ ಕಾಯಿರಿ. ಹಣ್ಣು ಮಾಗಿ ಮಾಗಿ ಕೆಡೋಕೆ ಶುರುವಾದ್ರೆ ಹೆಂಗಿರುತ್ತೆ? ಮೊದ್ಲು ಸಿಹಿ. ಆಮೇಲೆ ಮೂಗಿನ ತುದೀಲಿ ಚುರುಕ್ ಅನ್ನುತ್ತೆ.”

ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಆ ವಾಸನೆ ಅವಳೊಳಗೆ ಹಾಗೆಯೇ ಇತ್ತು.

“ಹೂಂ ಕಣಕ್ಕಾ, ಐತೆ!” ಎಂದು ಲಕ್ಕಮ್ಮ ಕೂಗಿದಳು.

ನಾನು ಫೋನ್ ಮಾಡಿದೆ. ನನ್ನ ಹಳೆಯ ಶಿಷ್ಯನೊಬ್ಬ ಬಂದು, ಪರೀಕ್ಷಿಸಿ ಹೌದೆಂದು, ಗ್ಲೂಕೋಸ್ ಬಾಟಲಿ ಏರಿಸಿದ. ಇವತ್ತು ಬೆಳಿಗ್ಗೆ ಲಕ್ಕಮ್ಮ ಗೇಟಿನಲ್ಲಿ ನಿಂತಿದ್ದಳು.

“ಮೇವಿಗೆ ಬಾಯಿ ಹಾಕವ್ಳೆ ಸಾರ್. ಅಕ್ಕ ಅವ್ರಾ? ನಮ್ಮ ಓರಗಿತ್ತಿಗೂ ಮೂಸೋದು ಹೇಳ್ಕೊಡ್ಬೇಕಂತೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಸುನಂದ ಚಪ್ಪಲಿ ಮೆಟ್ಟಿ ಆಚೆ ಬಂದಿದ್ದಳು. ಗೇಟು ದಾಟಿದವಳು ತಿರುಗಿ ನೋಡಿ, “ನೀವೂ ಬನ್ರೀ, ಹಗ್ಗ ಹಿಡ್ಕೊಳ್ಳೋಕೆ ಒಬ್ರು ಬೇಕು” ಎಂದಳು.

ಓಡಿದೆ.