ಟ್ಯಾಂಕಿನೊಳಗಿದ್ದ ಕಳ್ಳ

ಪೀಣ್ಯ ಎರಡನೇ ಹಂತದಲ್ಲಿರುವ ಗೋಪಾಲಪ್ಪನವರ ಡೀಸೆಲ್ ಪಂಪ್ ರಿಪೇರಿ ಶೆಡ್ಡಿಗೆ ವನಜಾ ಸೇರಿದ್ದು ಇಪ್ಪತ್ತೊಂದನೇ ವಯಸ್ಸಿನಲ್ಲಿ, ಬಿಚ್ಚಿದ ಭಾಗಗಳನ್ನು ತೊಳೆಯುವ ಕೆಲಸಕ್ಕೆ. ಈಗ ಅವಳಿಗೆ ನಲವತ್ನಾಲ್ಕು. ಅವಳು ನೋಡಿ ಹೇಳುವ ತನಕ ಆ ಶೆಡ್ಡಿನಲ್ಲಿ ಯಾವ ಗಾಡಿಗೂ ಸ್ಪ್ಯಾನರ್ ಹಾಕುವುದಿಲ್ಲ.

ದುಡಿಯಲೇಬೇಕಾದ ಗತಿ ಅವಳಿಗಿಲ್ಲ. ಮಾದನಾಯಕನಹಳ್ಳಿಯಲ್ಲಿ ಗಂಡನ ಮನೆಯವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗೋದಾಮು ನಿಂತಿದೆ, ಬಾಡಿಗೆ ಬರುತ್ತದೆ. ಮದುವೆ ಮನೆಗಳಲ್ಲಿ ನೆಂಟರು ಅವಳ ಉಗುರಿನ ಸಂದಿಯ ಕಪ್ಪು ನೋಡಿ, ಇದೆಲ್ಲ ಇನ್ನೂ ಯಾಕೆ ಎನ್ನುತ್ತಾರೆ. ಬಾಡಿಗೆ ಗೋದಾಮಿನದು, ಕೆಲಸ ನನ್ನದು ಎಂದು ಹೇಳಿ ಅವಳು ಊಟಕ್ಕೆ ಕೂರುತ್ತಾಳೆ.

ಹೋದ ವರ್ಷ ಆಷಾಢದ ಒಂದು ಗುರುವಾರ ಬೆಳಿಗ್ಗೆ ಸಂಗಣ್ಣ ಎಂಬ ಡ್ರೈವರ್ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಬಸ್ಸನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದ. ವಿಜಯಪುರದ ಕಡೆಯವನು, ಐವತ್ತು ದಾಟಿದ್ದ. ನೆಲಮಂಗಲದಿಂದ ಪೀಣ್ಯಕ್ಕೆ ಹೊಲಿಗೆಯ ಹೆಣ್ಣುಮಕ್ಕಳನ್ನು ಕರೆತರುವ ಬಸ್ಸು ಅದು. ಎರಡು ತಿಂಗಳಿಂದ ಅದಕ್ಕೊಂದು ವಿಚಿತ್ರ ಕಾಯಿಲೆ ಅಂಟಿತ್ತು. ಅರ್ಧ ಗಂಟೆ ಸರಾಗವಾಗಿ ಓಡಿ, ಫ್ಲೈಓವರ್ ಏರುವಾಗ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತಿತ್ತು. ಹೆಣ್ಣುಮಕ್ಕಳು ಎಷ್ಟೋ ದಿನ ತುಮಕೂರು ರಸ್ತೆಯ ಅಂಚಿನಲ್ಲಿ ಇಳಿದು ನಡೆದೇ ಕೆಲಸಕ್ಕೆ ಹೋಗಿದ್ದರು.

ಬೇರೊಂದು ಗ್ಯಾರೇಜಿನಲ್ಲಿ ಫಿಲ್ಟರ್ ಬದಲಾಯಿಸಿದ್ದರು, ಸೆನ್ಸರ್ ಬದಲಾಯಿಸಿದ್ದರು, ಕೊನೆಗೆ ಇಂಜೆಕ್ಟರ್‌ಗಳನ್ನೂ ಬದಲಾಯಿಸಿದ್ದರು. ಬಸ್ಸು ಮಾತ್ರ ನಿಲ್ಲುತ್ತಲೇ ಇತ್ತು. ಆಗ ಕಾರ್ಖಾನೆಯ ಸಾರಿಗೆ ಮ್ಯಾನೇಜರ್ ನಂದೀಶ್, ಡ್ರೈವರ್ ಡೀಸೆಲ್ ಕದ್ದು ಮಾರಿ ಸೀಮೆಎಣ್ಣೆ ಬೆರೆಸುತ್ತಿದ್ದಾನೆ ಎಂದು ತೀರ್ಮಾನಿಸಿದರು. ಅದನ್ನು ಬಸ್ಸುಗಳು ನಿಲ್ಲುವ ಅಂಗಳದಲ್ಲಿ ಎಲ್ಲ ಡ್ರೈವರುಗಳ ಎದುರೇ ಹೇಳಿ, ಸೋಮವಾರ ಬೀಗದ ಕೈ ಒಪ್ಪಿಸಿ ಹೋಗು ಎಂದಿದ್ದರು.

ಸಂಗಣ್ಣ ಇದನ್ನೆಲ್ಲ ನೆಲ ನೋಡುತ್ತ ಹೇಳಿದ. "ನಾ ಒಂದ್ ಹನಿ ಮುಟ್ಟಿಲ್ರಿ ಅಕ್ಕಾ," ಎಂದ. "ಗಾಡಿ ಯಾಕ್ ನಿಲ್ತೈತಿ ನನಗೂ ತಿಳಿವಲ್ದು."

ವನಜಾ ಅವನಿಗೆ ಸಮಾಧಾನದ ಮಾತು ಹೇಳಲಿಲ್ಲ, ಪ್ರಶ್ನೆ ಕೇಳತೊಡಗಿದಳು. ನಿಲ್ಲುವ ಮೊದಲು ಜಗ್ಗುತ್ತದೆಯೇ, ಸ್ವಿಚ್ ಆರಿಸಿದಂತೆ ಒಮ್ಮೆಗೇ ನಿಲ್ಲುತ್ತದೆಯೇ? ಜಗ್ಗಿ ಜಗ್ಗಿ ನಿಲ್ಲುತ್ತದೆ ಎಂದ. ಟ್ಯಾಂಕ್ ತುಂಬಿದ್ದಾಗಲೋ, ಖಾಲಿಯಾಗುತ್ತ ಬಂದಾಗಲೋ? ಅವನು ಯೋಚಿಸಿ, ಅರ್ಧಕ್ಕೆ ಇಳಿದ ಮೇಲೆ ಜಾಸ್ತಿ ಎಂದ. ಈ ಎರಡು ತಿಂಗಳಲ್ಲಿ ಇದನ್ನು ಅವನನ್ನು ಯಾರೂ ಕೇಳಿರಲಿಲ್ಲ.

ಮೊದಲು ಅವಳು ಟ್ಯಾಂಕಿನ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಕಿಟಕಿಯಲ್ಲಿಟ್ಟಳು. ತಳದಲ್ಲಿ ನೀರು ಕೂರಲಿಲ್ಲ. ಸಾಂದ್ರತೆ ಅಳೆದು ನೋಡಿದರೆ ಅದೂ ಸರಿಯಾಗಿತ್ತು. ಬೆರಕೆಯ ಮಾತು ಅಲ್ಲಿಗೇ ಮುಗಿಯಿತು. ಪೈಪಿನಲ್ಲಿ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದು ಅವಳಿಗೆ ಅನ್ನಿಸಿತು. ಇಂಜಿನ್ನಿಗೆ ಹೋಗುವ ಪೈಪಿನ ನಡುವೆ ಪಾರದರ್ಶಕ ಕೊಳವೆ ಸೇರಿಸಿ ಮಧ್ಯಾಹ್ನದವರೆಗೂ ಗುಳ್ಳೆ ಬರುತ್ತದೆಯೇ ಎಂದು ಕಾದಳು. ಒಂದು ಗುಳ್ಳೆಯೂ ಬರಲಿಲ್ಲ. ಅವಳ ಊಹೆ ತಪ್ಪಾಗಿತ್ತು. ಗೋಪಾಲಪ್ಪನವರು ಪಂಪನ್ನೇ ಬದಲಾಯಿಸೋಣವೇ ಎಂದರು. ಅವಳು ಬೇಡ ಎಂದಳು. ತಪ್ಪು ಯಾವುದರದ್ದು ಎಂದು ಗೊತ್ತಾಗದೆ ಏನನ್ನಾದರೂ ಬದಲಾಯಿಸುವುದೆಂದರೆ ಅವಳಿಗೆ ಸೋತಂತೆಯೇ.

ಮರುದಿನ ಟ್ಯಾಂಕಿಗೂ ಪಂಪಿಗೂ ನಡುವೆ, ಇಂಜಿನ್ ಎಷ್ಟು ಬಲದಿಂದ ಡೀಸೆಲ್ ಎಳೆಯುತ್ತಿದೆ ಎಂದು ತೋರಿಸುವ ಮೀಟರ್ ಜೋಡಿಸಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಕೂತಳು. ಫ್ಲೈಓವರಿನ ಏರಿನಲ್ಲಿ ಮುಳ್ಳು ಸರಸರನೆ ಮೇಲೇರಿತು. ಇಂಜಿನ್ ಎಳೆಯುತ್ತಿತ್ತು, ಟ್ಯಾಂಕ್ ಕೊಡುತ್ತಿರಲಿಲ್ಲ. ಬಸ್ಸು ನಿಂತಿತು. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದರೂ ಅವಳು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಮುಳ್ಳು ತಾನಾಗಿ ಸೊನ್ನೆಗೆ ಇಳಿಯಿತು. ಟ್ಯಾಂಕಿನೊಳಗಿನ ಯಾವುದೋ ವಸ್ತು ಇಂಜಿನ್ ಎಳೆದಾಗ ಪೈಪಿನ ಬಾಯಿಗೆ ಬಂದು ಅಂಟಿಕೊಳ್ಳುತ್ತದೆ, ನಿಂತಾಗ ಕಳಚಿಕೊಳ್ಳುತ್ತದೆ ಎಂದು ಅವಳಿಗೆ ಆ ಕ್ಷಣವೇ ಹೊಳೆಯಿತು.

ಆದರೂ ಖಾತ್ರಿಯಾಗಬೇಕಿತ್ತು. ಶೆಡ್ಡಿಗೆ ಬಂದು ಟ್ಯಾಂಕಿನ ಪೈಪು ಬಿಡಿಸಿ, ಸೀಟಿನ ಹಿಂದೆ ಬಿಗಿಯಾಗಿ ಕಟ್ಟಿದ ಕ್ಯಾನಿನಿಂದ ಡೀಸೆಲ್ ಕೊಟ್ಟು ಅದೇ ಫ್ಲೈಓವರನ್ನು ನಾಲ್ಕು ಸಲ ಹತ್ತಿಸಿದಳು. ಬಸ್ಸು ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ನಂದೀಶ್‌ಗೆ ಫೋನ್ ಮಾಡಿ, ನಾಳೆ ಟ್ಯಾಂಕ್ ಇಳಿಸುತ್ತೇನೆ, ನೀವೂ ಇರಬೇಕು ಎಂದಳು.

ಶನಿವಾರ ಬೆಳಿಗ್ಗೆ ಅವರು ಬಂದರು. ವನಜಾ ಟ್ಯಾಂಕನ್ನು ಇಳಿಸಿ, ಖಾಲಿ ಮಾಡಿ, ಬಾಯಿಯಿಂದ ಇಕ್ಕಳ ಇಳಿಬಿಟ್ಟು ಬೆಳ್ಳಿಬಣ್ಣದ ತೆಳು ಹಾಳೆಯೊಂದನ್ನು ಹೊರಗೆಳೆದಳು. ಅಂಗೈಯಷ್ಟೂ ಅಗಲವಿರಲಿಲ್ಲ. ಡಬ್ಬಿಯ ಬಾಯಿಗೆ ಮುಚ್ಚಳದ ಕೆಳಗೆ ಅಂಟಿಸುವ ಸೀಲು. ನಂದೀಶ್ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಇಂಜಿನ್ ಸ್ವಚ್ಛವಾಗಿರಲಿ ಎಂದು ಎರಡು ತಿಂಗಳ ಹಿಂದೆ ಎಲ್ಲ ಬಸ್ಸುಗಳ ಟ್ಯಾಂಕಿಗೂ ಅಂಥ ಡಬ್ಬಿಯಲ್ಲಿ ಬರುವ ದ್ರಾವಣವೊಂದನ್ನು ಹಾಕಿಸಿದ್ದು ಅವರೇ; ಸುರಿಯುವಾಗ ಸೀಲು ಒಳಗೆ ಬಿದ್ದಿತ್ತು. ದ್ರಾವಣ ಹಾಕಿಸಿದ್ದನ್ನು ಅವರೇ ಬಾಯಿಬಿಟ್ಟು ಹೇಳಿದರು ಎಂಬುದನ್ನೂ ಇಲ್ಲಿ ಹೇಳಬೇಕು.

ಟ್ಯಾಂಕ್ ತೊಳೆದು ಕೂರಿಸಿದ ಮೇಲೆ ಅವರು ಸಂಗಣ್ಣನ ಹೆಗಲು ತಟ್ಟಿ ಹೊರಡಲು ನೋಡಿದರು. ವನಜಾ ಕೈ ಒರೆಸಿಕೊಳ್ಳುತ್ತ ಅಡ್ಡ ನಿಂತಳು.

"ಸಾರ್, ನನ್ ಕೆಲ್ಸ ಮುಗೀತು, ನಿಮ್ದಿನ್ನೂ ಇದೆ. ಇವ್ರನ್ನ ಕಳ್ಳ ಅಂದಿದ್ದು ಎಲ್ರ ಮುಂದೆ. ಆ ಮಾತ್ನ ಅಲ್ಲೇ ವಾಪಸ್ ತಗೊಳ್ಳಿ."

ಅವರು ಒಪ್ಪಿ ತಲೆಯಾಡಿಸಿದರು. ಸೋಮವಾರ ಬೆಳಿಗ್ಗೆ ಅದೇ ಅಂಗಳದಲ್ಲಿ, ಡ್ರೈವರುಗಳ ಜೊತೆ ಬಸ್ಸಿನಿಂದ ಇಳಿದ ಹೆಣ್ಣುಮಕ್ಕಳೂ ನಿಂತು ಕೇಳುತ್ತಿರುವಾಗ, ತನ್ನಿಂದ ತಪ್ಪಾಯಿತು ಎಂದರು. ಆ ಮಧ್ಯಾಹ್ನ ಸಂಗಣ್ಣ ಶೆಡ್ಡಿಗೆ ಬಂದು ಇದನ್ನು ಹೇಳುವಾಗ ಒಮ್ಮೆಯೂ ನೆಲ ನೋಡಲಿಲ್ಲ.

ವನಜಾ ಈ ಕಥೆಯನ್ನು ತಾನಾಗಿ ಯಾರಿಗೂ ಹೇಳುವವಳಲ್ಲ. ಹೇಳುವವರು ಗೋಪಾಲಪ್ಪನವರು, ಶೆಡ್ಡಿಗೆ ಬಂದ ಪ್ರತಿಯೊಬ್ಬರಿಗೂ, ಬಂದವರ ಚಹಾ ಆರಿಹೋದರೂ ಬಿಡದೆ. ಈಗ ಆ ಕಾರ್ಖಾನೆಯ ಬಸ್ಸುಗಳನ್ನು ನೋಡಿಕೊಳ್ಳುವ ಹದಿನಾಲ್ಕು ಮಂದಿ ಮೆಕ್ಯಾನಿಕ್‌ಗಳು ತಿಂಗಳಿಗೊಂದು ಶನಿವಾರ ಅವಳ ಬಳಿ ಕಲಿಯಲು ಬರುತ್ತಾರೆ. ಮೊದಲ ದಿನ ಅವರೆಲ್ಲ ನೋಟ್‌ಬುಕ್ ತೆರೆದು ಕೂತಿದ್ದರು. ಅವಳು ಸ್ಪ್ಯಾನರುಗಳ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದಳು.

"ಮೊದ್ಲು ಡ್ರೈವರ್‌ನ ಕೇಳಿ," ಎಂದಳು. "ಬಿಚ್ಚೋದು ಆಮೇಲೆ."